ದೀಪ ಹಚ್ಚಿದ ಮೇಲಿನ ಊರು

ಸಂಸ್ಕೃತ ನಿಘಂಟುಗಳಲ್ಲಿ ರಾತ್ರಿಗೆ ‘ತ್ರಿಯಾಮಾ’ ಎಂದು ಒಂದು ಹೆಸರುಂಟು. ಅಮರಕೋಶವನ್ನು ಉರುಹೊಡೆದವರಿಗೆ ಇದು ತಿಳಿದ ಮಾತೇ. ಯಾಮವೆಂದರೆ ನಾವು ಕನ್ನಡದಲ್ಲಿ ‘ಜಾವ’ ಎನ್ನುತ್ತೇವಲ್ಲ, ಅದು. ಹಗಲಿಗೆ ನಾಲ್ಕು, ಇರುಳಿಗೆ ನಾಲ್ಕು. ಒಂದೊಂದೂ ಮೂರು ಗಂಟೆಯ ಅವಧಿ. ಹಾಗಿದ್ದ ಮೇಲೆ ರಾತ್ರಿಗೆ ನಾಲ್ಕು ಜಾವವೆನ್ನದೆ ಮೂರೇ ಜಾವವೆಂದು ಏಕೆ ಹೇಳಿದರು? ಇದಕ್ಕೆ ವ್ಯಾಖ್ಯಾನಕಾರರು ಕೊಡುವ ಸಮಾಧಾನ ಸೊಗಸಾಗಿದೆ. ಮೊದಲ ಜಾವದ ಮೊದಲರ್ಧವೂ ಕೊನೆಯ ಜಾವದ ಕೊನೆಯರ್ಧವೂ ಜನರು ಎಚ್ಚರವಾಗಿದ್ದು ಕೆಲಸಕಾರ್ಯಗಳಲ್ಲಿ ತೊಡಗಿರುವ ಹೊತ್ತು. ಆದ್ದರಿಂದ ಅವೆರಡನ್ನೂ ಹಗಲಿನ ಲೆಕ್ಕಕ್ಕೆ ಸೇರಿಸಿಬಿಡಬೇಕು, ಉಳಿಯುವುದು ಮೂರೇ ಜಾವ ಎಂದು. ಎಂದರೆ, ಕತ್ತಲಾದ ಮಾತ್ರಕ್ಕೆ ರಾತ್ರಿಯಾಗಲಿಲ್ಲ. ಊರು ಕೆಲಸ ನಿಲ್ಲಿಸಿದಾಗ ರಾತ್ರಿಯಾಯಿತು. ವಿದ್ಯುದ್ದೀಪದ ಕನಸೂ ಇಲ್ಲದಿದ್ದ ಕಾಲದಲ್ಲಿಯೇ ನಮ್ಮ ಹಿರಿಯರು ಹೀಗೆ ಒಂದು ಜಾವದಷ್ಟು ಹೊತ್ತನ್ನು ಇರುಳಿನಿಂದ ಕಡ ತಂದು ಹಗಲಿಗೆ ಸೇರಿಸಿಕೊಂಡಿದ್ದರು.

ಈಗ ಪತ್ರಿಕೆಗಳಲ್ಲಿಯೂ ಸರ್ಕಾರದ ಆಜ್ಞೆಗಳಲ್ಲಿಯೂ ನಗರಗಳ ‘ರಾತ್ರಿಯ ಆರ್ಥಿಕತೆ’ ಎಂಬ ಮಾತು ಮೇಲಿಂದಮೇಲೆ ಕೇಳಿಬರುತ್ತಿದೆ. ನಾನಾದರೋ ಅದನ್ನು ‘ಇರುಳ ವಹಿವಾಟು’ ಎಂದು ಕರೆಯಲು ಇಷ್ಟಪಡುತ್ತೇನೆ. ಈ ಮಾತು ಕಿವಿಗೆ ಬಿದ್ದೊಡನೆ ಅನೇಕರಿಗೆ ಹೊಳೆಯುವುದು ಮದ್ಯದಂಗಡಿ, ಕುಣಿತ, ಬಣ್ಣಬಣ್ಣದ ದೀಪ. ಅದು ಇದರ ಒಂದು ಮೂಲೆ ಮಾತ್ರ. ರಾತ್ರಿ ಬಸ್ಸನ್ನು ನಡೆಸುವ ಚಾಲಕ, ಆಸ್ಪತ್ರೆಯ ದಾದಿ, ಹಾಲಿನ ವ್ಯಾನಿನವನು, ಹೂವಿನ ಮೂಟೆಯನ್ನು ಬೆಳಗಿನ ಜಾವ ಮೂರು ಗಂಟೆಗೆ ಮಾರುಕಟ್ಟೆಗೆ ಇಳಿಸುವ ಹಮಾಲಿ, ನಾಟಕದ ಕಂಪೆನಿಯ ಹಾರ್ಮೋನಿಯಂ ಮೇಷ್ಟ್ರು, ಕಾವಲುಗಾರ, ಇಡ್ಲಿಗೆ ಹಿಟ್ಟು ರುಬ್ಬುವವಳು, ಇವರೆಲ್ಲರ ದುಡಿಮೆಯೂ ಸೇರಿ ಇರುಳ ವಹಿವಾಟು. ಇಂಥ ವಹಿವಾಟು ಕೆಲವು ಊರುಗಳಲ್ಲಿ ಏಕೆ ಬೆಳೆಯುತ್ತದೆ, ಕೆಲವು ಊರುಗಳಲ್ಲಿ ಎಂಟು ಗಂಟೆಗೇ ಬಾಗಿಲು ಏಕೆ ಬೀಳುತ್ತದೆ ಎಂಬುದನ್ನು ನಮ್ಮ ಹಾಸನ ಸೀಮೆಯ ಅನುಭವವನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ಪ್ರಾಚೀನ ಕಾಲದ ರಾಜ್ಯವು ರಾತ್ರಿಯನ್ನು ಸಂಶಯದಿಂದಲೇ ನೋಡುತ್ತಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದಿದೆ. ರಾತ್ರಿ ಗೊತ್ತಾದ ಹೊತ್ತಿಗೆ ವಾದ್ಯ ಮೊಳಗಬೇಕು. ಅಲ್ಲಿಂದ ಮುಂದೆ ಬೀದಿಯಲ್ಲಿ ತಿರುಗುವವನಿಗೆ ದಂಡ. ನಡುರಾತ್ರಿಯಾದರೆ ದಂಡ ಹೆಚ್ಚು. ಆದರೆ ಅವನು ಕೊಟ್ಟಿರುವ ವಿನಾಯಿತಿಗಳನ್ನು ನೋಡಿ: ಹೆರಿಗೆಗೆ ಹೋಗುವವರು, ವೈದ್ಯರು, ಹೆಣ ಸಾಗಿಸುವವರು, ಬೆಂಕಿ ಆರಿಸಲು ಓಡುವವರು, ಕೈಯಲ್ಲಿ ದೀಪ ಹಿಡಿದು ನಡೆಯುವವರು, ಮತ್ತು ಆಟನೋಟ ನೋಡಲು ಹೋಗುವವರು! ಅಷ್ಟು ಬಿಗಿಯಾದ ಕೌಟಿಲ್ಯನೂ ನಾಟಕ ನೋಡಹೋಗುವವನನ್ನು ತಡೆಯಲಿಲ್ಲ. ದೀಪ ಹಿಡಿದವನು ನಿರಪರಾಧಿ ಎಂಬ ಭಾವನೆಯೂ ಅಲ್ಲಿ ಕಾಣುತ್ತದೆ. ಇರುಳ ವಹಿವಾಟಿನ ಎರಡು ಮೂಲದ್ರವ್ಯಗಳಾದ ಬೆಳಕು ಮತ್ತು ನೋಟ ಎರಡೂ ಆ ವಿನಾಯಿತಿಯ ಪಟ್ಟಿಯಲ್ಲಿಯೇ ಇವೆ.

ಬೆಳಕಿನ ಖರ್ಚನ್ನು ಯಾರು ಹೊರಬೇಕು? ಇದು ಹಳೆಯ ಪ್ರಶ್ನೆ. ನಮ್ಮ ಜಿಲ್ಲೆಯ ಹೊಯ್ಸಳರ ಕಾಲದ ಶಾಸನಗಳನ್ನು ಓದಿದವರಿಗೆ ‘ನಂದಾದೀವಿಗೆ’, ‘ಸೊಡರೆಣ್ಣೆ’ ಎಂಬ ಮಾತುಗಳು ಪರಿಚಿತವಾಗಿಯೇ ಇರುತ್ತವೆ. ದೇವಾಲಯದ ದೀಪ ಆರದಂತೆ ಉರಿಯಲು ಊರಿನ ಗಾಣಗಳು ಇಷ್ಟಿಷ್ಟು ಎಣ್ಣೆಯನ್ನು ಸಲ್ಲಿಸತಕ್ಕದ್ದು ಎಂಬ ವ್ಯವಸ್ಥೆ ಅಲ್ಲಿದೆ. ವ್ಯಾಪಾರದ ಒಂದು ಪಾಲು ಊರಿನ ದೀಪಕ್ಕೆ. ದೀಪದ ಬುಡದಲ್ಲಿ ಸೇರುವ ಜನ ಮತ್ತೆ ವ್ಯಾಪಾರಕ್ಕೆ. ವಿಜಯನಗರಕ್ಕೆ 1520ರ ಸುಮಾರಿನಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿನ ಒಂದು ಬೀದಿಯಲ್ಲಿ ದಿನವೂ ಸಂಜೆ ಸಂತೆ ಕೂಡುತ್ತಿತ್ತೆಂದೂ ಸಾಧಾರಣ ಕುದುರೆ, ತಟ್ಟುಗಳಿಂದ ಹಿಡಿದು ನಿಂಬೆ, ಕಿತ್ತಳೆ, ದ್ರಾಕ್ಷಿಯವರೆಗೆ ಎಲ್ಲವೂ ಅಲ್ಲಿ ಮಾರಾಟವಾಗುತ್ತಿದ್ದುವೆಂದೂ ಬರೆದಿದ್ದಾನೆ. ಬಿಸಿಲ ನಾಡಿನಲ್ಲಿ ಸಂಜೆಯ ಸಂತೆ ಸಹಜವೇ ಸರಿ. ಮಧ್ಯಾಹ್ನದ ಕಾವಿನಲ್ಲಿ ಕುದುರೆಯ ಹಲ್ಲು ಹಿಡಿದು ಚೌಕಾಸಿ ಮಾಡಲು ಯಾರು ನಿಂತಾರು?

ಕನ್ನಡ ನಾಡಿನಲ್ಲಿ ರಾತ್ರಿಯ ಸ್ವರೂಪವನ್ನೇ ಬದಲಾಯಿಸಿದ್ದು ಕಾವೇರಿ. ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಕೆಲಸ ಆರಂಭಿಸಿದಾಗ ಅದರ ಶಕ್ತಿ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಮೂರು ವರ್ಷಗಳ ಮೇಲೆ, 1905ರ ಆಗಸ್ಟ್ 5ರಂದು, ಬೆಂಗಳೂರಿನಲ್ಲಿ ಈಗ ಕೃಷ್ಣರಾಜೇಂದ್ರ ಮಾರುಕಟ್ಟೆಯಿರುವ ಕಡೆ ವಿದ್ಯುತ್ತಿನ ಬೀದಿದೀಪ ಹೊತ್ತಿತು. ಅರಮನೆಯ ಮುಂದಲ್ಲ, ಪೇಟೆಯಲ್ಲಿ ಹೊತ್ತಿತೆಂಬುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಇಂದಿಗೂ ಆ ಮಾರುಕಟ್ಟೆಯ ಹೂವಿನ ವ್ಯಾಪಾರ ಮಿಕ್ಕ ಬೆಂಗಳೂರು ಗಾಢನಿದ್ರೆಯಲ್ಲಿರುವಾಗಲೇ ಅರ್ಧ ಮುಗಿದಿರುತ್ತದೆ.

ನಮ್ಮ ಸಣ್ಣ ಊರುಗಳ ಮಾತಿಗೆ ಬರೋಣ. ನಾನು ಹುಡುಗನಾಗಿದ್ದಾಗ ಅರಕಲಗೂಡಿನ ಸುತ್ತಿನ ಹಳ್ಳಿಗಳಲ್ಲಿ ರಾತ್ರಿ ಎಂದರೆ ಎರಡೇ ಸಂದರ್ಭಗಳಲ್ಲಿ ಬೆಳಕು: ಟೂರಿಂಗ್ ಟಾಕೀಸು ಬಂದಾಗ, ನಾಟಕ ಕಟ್ಟಿದಾಗ. ಟಾಕೀಸಿನ ಎರಡನೆಯ ಆಟ ಮುಗಿದು ಎತ್ತಿನ ಗಾಡಿಗಳು ಹೊರಡುವಾಗ ಕಡಲೆಕಾಯಿ ಹುರಿಯುವವಳ ಬಾಣಲೆ ಇನ್ನೂ ಬಿಸಿಯಾಗಿರುತ್ತಿತ್ತು. ನಾಟಕವೆಂದರೆ ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಗ್ರಾಮಗಳಲ್ಲಿ ಈಗಲೂ ನಡೆಯುವ ‘ಕುರುಕ್ಷೇತ್ರ’ ಮೊದಲಾದ ಪೌರಾಣಿಕ ನಾಟಕಗಳು. ಹೊರಗಿನವರಿಗೆ ಇದೊಂದು ಹವ್ಯಾಸವಾಗಿ ಕಂಡೀತು; ಲೆಕ್ಕ ಹಾಕಿದರೆ ಇದೊಂದು ಉದ್ಯೋಗವೇ ಸರಿ. ಪಾತ್ರಧಾರಿಗಳು ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ. ದುರ್ಯೋಧನನ ಪಾತ್ರಕ್ಕೆ ವಿದುರನ ಪಾತ್ರಕ್ಕಿಂತ ಹೆಚ್ಚು ತೆರಬೇಕಾಗಿ ಬರುವುದೂ ಉಂಟು! ಆ ಹಣ ತಿಂಗಳುಗಟ್ಟಲೆ ಮಟ್ಟು ಕಲಿಸುವ ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿ ಬಾಡಿಗೆಗೆ ಕೊಡುವವರಿಗೆ, ಕಿರೀಟ ಭುಜಕೀರ್ತಿಯವರಿಗೆ, ಬಣ್ಣ ಹಚ್ಚುವವನಿಗೆ, ಶಾಮಿಯಾನ ಧ್ವನಿವರ್ಧಕದವನಿಗೆ ಹಂಚಿಹೋಗುತ್ತದೆ. ಬೆಳಗಿನವರೆಗೆ ಕೂರುವ ಪ್ರೇಕ್ಷಕರಿಗೆ ಟೀ, ಬೋಂಡ, ಮಂಡಕ್ಕಿ ಒದಗಿಸುವವರದು ಬೇರೆಯೇ ಲೆಕ್ಕ. ಒಂದು ರಾತ್ರಿಯ ಸಂಧಾನಕ್ಕೆ ಶ್ರೀಕೃಷ್ಣನೊಬ್ಬನೇ ಅಲ್ಲ, ಹತ್ತಾರು ಮನೆಗಳ ಒಲೆಗಳೂ ಕಾದಿರುತ್ತವೆ.

ಇದರ ದೊಡ್ಡ ರೂಪವನ್ನು ನೋಡಬೇಕಾದರೆ ಬಾದಾಮಿಯ ಬಳಿಯ ಬನಶಂಕರಿಗೆ ಹೋಗಬೇಕು. ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು. ಆದರೆ ಜಾತ್ರೆ ತಿಂಗಳ ಹತ್ತಿರ ನಿಲ್ಲುತ್ತದೆ. ಉತ್ತರ ಕರ್ನಾಟಕದ ವೃತ್ತಿನಾಟಕ ಕಂಪೆನಿಗಳು ಅಲ್ಲಿ ಸಾಲಾಗಿ ಡೇರೆ ಹಾಕಿ ರಾತ್ರಿಯೆಲ್ಲ ಒಂದರಮೇಲೊಂದು ಆಟ ಆಡುತ್ತವೆ. ವರ್ಷದ ಮಿಕ್ಕ ತಿಂಗಳುಗಳಲ್ಲಿ ಆದ ನಷ್ಟವನ್ನು ಆ ಒಂದು ಜಾತ್ರೆಯಲ್ಲಿ ತುಂಬಿಕೊಳ್ಳಲು ಕಂಪೆನಿಗಳು ಹವಣಿಸುತ್ತವೆ. ಒಂದೇ ಕಂಪೆನಿ ಬಂದರೆ ಪೈಪೋಟಿಯಿಲ್ಲದೆ ಹೆಚ್ಚು ಲಾಭವಾದೀತೆಂದು ಮೇಲುನೋಟಕ್ಕೆ ತೋರುತ್ತದೆ. ವಾಸ್ತವ ಬೇರೆ. ಹತ್ತು ಡೇರೆಗಳಿದ್ದಾಗಲೇ ದೂರದ ಊರಿನವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಒಂದರಲ್ಲಿ ಜಾಗ ಸಿಕ್ಕದಿದ್ದರೆ ಇನ್ನೊಂದು ಇದ್ದೇ ಇದೆ ಎಂಬ ಧೈರ್ಯ. ಇರುಳ ವಹಿವಾಟಿನ ಮೊದಲ ರಹಸ್ಯ ಇಲ್ಲಿದೆ. ಹಗಲಿನಲ್ಲಿ ಒಂದು ಅಂಗಡಿ ತನ್ನ ಪಾಡಿಗೆ ತಾನು ಬದುಕಬಹುದು. ರಾತ್ರಿ ಒಂಟಿ ಅಂಗಡಿ ಬದುಕಲಾರದು. ಗಿರಾಕಿಗೆ ಕತ್ತಲ ಭಯ, ಅಂಗಡಿಯವನಿಗೆ ಗಿರಾಕಿ ಬಾರನೆಂಬ ಭಯ. ಇಬ್ಬರ ಭಯವೂ ಒಟ್ಟಿಗೆ ಕಳೆಯಬೇಕಾದರೆ ಕೆಲವಾದರೂ ಬಾಗಿಲುಗಳು ಒಂದೇ ಕಡೆ, ಒಂದೇ ಹೊತ್ತಿಗೆ ತೆರೆದಿರಬೇಕು.

ಅಮೆರಿಕದ ಜೇನ್ ಜೇಕಬ್ಸ್ ಎಂಬಾಕೆ ಮಹಾನಗರಗಳ ಅಳಿವು ಉಳಿವನ್ನು ಕುರಿತು 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದೇ ತತ್ತ್ವವನ್ನು ಬೇರೆ ದಿಕ್ಕಿನಿಂದ ಹೇಳಿದ್ದಾಳೆ. ಬೀದಿಯನ್ನು ಕಾಯುವುದು ಪೋಲೀಸರಿಗಿಂತ ಹೆಚ್ಚಾಗಿ ಬೀದಿಯ ಮೇಲೆ ನೆಟ್ಟಿರುವ ಸಾಮಾನ್ಯರ ಕಣ್ಣುಗಳು: ಅಂಗಡಿಯವನದು, ಕಿಟಕಿಯ ಬಳಿ ಕುಳಿತ ಮುದುಕಿಯದು, ಹಾದಿಹೋಕನದು. ನಮ್ಮ ಊರುಗಳಲ್ಲಿ ಜಗಲಿಗಳಿದ್ದ ಕಾಲದಲ್ಲಿ ಇದನ್ನು ಯಾರೂ ಪುಸ್ತಕ ಬರೆದು ಹೇಳಬೇಕಾಗಿರಲಿಲ್ಲ. ಜಗಲಿ ಹೋಯಿತು, ಕಾಂಪೌಂಡು ಬಂತು; ಕಣ್ಣುಗಳು ಒಳಗೆ ಟೆಲಿವಿಷನ್ನಿನ ಕಡೆಗೂ ಫೋನಿನ ಕಡೆಗೂ ತಿರುಗಿದುವು.

ಇನ್ನು ಅಂಗಡಿಯ ಲೆಕ್ಕ. ಬಾಡಿಗೆ ಇಪ್ಪತ್ತನಾಲ್ಕು ಗಂಟೆಗೂ ಕೊಟ್ಟಿರುತ್ತೇವೆ; ಬಾಗಿಲು ತೆರೆದಿರುವುದು ಹತ್ತು ಹನ್ನೆರಡು ಗಂಟೆ. ಊರಿನ ರಸ್ತೆ, ಚರಂಡಿ, ದೀಪದ ಕಂಬ ಇವುಗಳಿಗೆ ಹಾಕಿದ ಸಾರ್ವಜನಿಕ ಹಣವೂ ಅರ್ಧ ದಿನ ಸುಮ್ಮನೆ ಬಿದ್ದಿರುತ್ತದೆ. ಅದೇ ಜಾಗವನ್ನು ಎರಡು ಪಾಳಿಯಲ್ಲಿ ಬಳಸಿಕೊಂಡರೆ? ಇಂದೂರಿನ ಸರಾಫಾ ಬಜಾರಿನಲ್ಲಿ ಹಾಗೆಯೇ ಮಾಡಿಕೊಂಡಿದ್ದಾರೆ. ಹಗಲೆಲ್ಲ ಅದು ಚಿನಿವಾರಪೇಟೆ, ಬಂಗಾರ ಬೆಳ್ಳಿಯ ವ್ಯಾಪಾರ. ರಾತ್ರಿ ಆಭರಣದಂಗಡಿಗಳ ಬಾಗಿಲು ಬಿದ್ದೊಡನೆ ಅವುಗಳ ಮೆಟ್ಟಿಲ ಮುಂದೆಯೇ ತಿಂಡಿಯ ಒಲೆಗಳು ಹೊತ್ತುತ್ತವೆ. ನಡುರಾತ್ರಿ ಕಳೆದರೂ ಜನ. ಚಿನಿವಾರರಿಗೂ ಇದರಿಂದ ಲಾಭವುಂಟು, ಅಷ್ಟು ಜನರ ಕಣ್ಣೆದುರಿಗೆ ಬೀಗ ಮುರಿಯುವ ಕಳ್ಳ ಯಾರು? ಅಹಮದಾಬಾದಿನ ಮಾಣೆಕ್ ಚೌಕವೂ ಇದೇ ಜಾತಿಯದು. ನಮ್ಮ ಬೆಂಗಳೂರಿನಲ್ಲಿ ವಿಶ್ವೇಶ್ವರಪುರದ ತಿಂಡಿಬೀದಿ ಹಗಲು ಹೆಚ್ಚು ಸದ್ದಿಲ್ಲದೆ ಇದ್ದು ಸಂಜೆಗೆ ಕಳೆಗಟ್ಟುತ್ತದೆ. ಚಳಿಗಾಲದಲ್ಲಿ ಅಲ್ಲಿ ಅವರೆಬೇಳೆಯ ತಿಂಡಿಗಳ ಸುಗ್ಗಿ. ನಿಂತುಕೊಂಡು ತಿನ್ನುವುದು ಶಾಸ್ತ್ರಸಮ್ಮತವಲ್ಲವೆಂದು ಹೇಳುವ ನನ್ನಂಥವರೂ ಅಲ್ಲಿ ನಿಂತೇ ತಿಂದಿದ್ದೇವೆ.

ಹಾಸನದ ಮಟ್ಟಿಗೆ ದೊಡ್ಡ ಪರೀಕ್ಷೆ ವರ್ಷಕ್ಕೊಮ್ಮೆ ನಡೆಯುತ್ತದೆ. ಆಶ್ವೀಜ ಹುಣ್ಣಿಮೆಯ ಅನಂತರದ ಮೊದಲ ಗುರುವಾರ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುತ್ತದೆ; ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತದೆ. ಈಚಿನ ವರ್ಷಗಳಲ್ಲಿ ಆ ಕೆಲವೇ ದಿನಗಳಲ್ಲಿ ದರ್ಶನಕ್ಕೆ ಬರುವವರ ಸಂಖ್ಯೆ ಹತ್ತು ಲಕ್ಷವನ್ನು ಮೀರಿದೆ. 2011ರ ಜನಗಣತಿಯಂತೆ ಹಾಸನದ ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು ಎಂಬುದನ್ನು ನೆನೆದರೆ ಇದರ ಪ್ರಮಾಣ ಮನಸ್ಸಿಗೆ ಬರುತ್ತದೆ. ಹಗಲೊಂದರಲ್ಲೇ ಇಷ್ಟು ಜನರನ್ನು ಒಳಗೆ ಬಿಡಲು ಸಾಧ್ಯವೇ ಇಲ್ಲ. ಆದ್ದರಿಂದ ನೈವೇದ್ಯ ಮೊದಲಾದ ಹೊತ್ತುಗಳನ್ನು ಬಿಟ್ಟರೆ ರಾತ್ರಿಯೆಲ್ಲ ಸರತಿ ಸಾಗುತ್ತಿರುತ್ತದೆ. ಎರಡು ಗಂಟೆ ರಾತ್ರಿಯಲ್ಲಿ ಕೈಗೂಸನ್ನು ಹೆಗಲಮೇಲೆ ಹಾಕಿಕೊಂಡ ತಾಯಂದಿರನ್ನು ಅಲ್ಲಿ ಕಾಣಬಹುದು. ಬೇರೆ ದಿನಗಳಲ್ಲಿ ಅದೇ ಬೀದಿಯಲ್ಲಿ ಒಂಬತ್ತೂವರೆಗೆ ಓಡಾಡಲು ಹಿಂಜರಿಯುವ ಹೆಣ್ಣುಮಕ್ಕಳು ಆಗ ನಡುರಾತ್ರಿ ಬಳೆಯಂಗಡಿಯ ಮುಂದೆ ನಿಂತಿರುತ್ತಾರೆ.

ಆ ಹದಿನೈದು ದಿನಗಳಲ್ಲಿ ಹಾಸನಕ್ಕೆ ಹೊಸದಾಗಿ ಏನು ಬಂತು? ಬೀದಿಬೀದಿಗೆ ದೀಪ. ಎಲ್ಲ ದಿಕ್ಕಿನಿಂದಲೂ ಹೆಚ್ಚಿನ ಬಸ್ಸು. ಕುಡಿಯುವ ನೀರು, ತಾತ್ಕಾಲಿಕ ಶೌಚಾಲಯ, ಗುಡಿಸುವವರ ರಾತ್ರಿಪಾಳಿ, ಮೂಲೆಮೂಲೆಗೆ ಪೋಲೀಸರು. ಇಷ್ಟನ್ನು ಒದಗಿಸಿದ ಮೇಲೆ ವ್ಯಾಪಾರಿಗಳನ್ನು ಯಾರೂ ಕೈಹಿಡಿದು ಕರೆಯಬೇಕಾಗಲಿಲ್ಲ. ಅವರಾಗಿ ಬಂದು ಕುಳಿತರು. ವ್ಯವಸ್ಥೆ ಎಲ್ಲಿ ತಪ್ಪಿತೋ ಅಲ್ಲಿ ಅಪಾಯವೂ ಕಾದಿರುತ್ತದೆ: 2023ರ ನವೆಂಬರಿನಲ್ಲಿ ಸರತಿಯಲ್ಲಿ ವಿದ್ಯುತ್ ತಗುಲಿ ನೂಕುನುಗ್ಗಲಾಗಿ ಹಲವರು ಗಾಯಗೊಂಡರು. ಬಾಗಿಲು ಮುಚ್ಚಿದ ಮಾರನೆಯ ದಿನ ನೋಡಿದರೆ ಹಾಸನ ಮತ್ತೆ ಹಿಂದಿನಂತೆಯೇ. ಜಾತ್ರೆಯ ಜನ ಹೊರಗಿನವರು, ಹೋದರು. ನಿತ್ಯವೂ ಜಾತ್ರೆ ಮಾಡುತ್ತೇವೆಂದು ಹೊರಡುವ ಊರು ಸಾಲದಲ್ಲಿ ಮುಳುಗೀತು. ವಿಚಾರಮಾಡಬೇಕಾದದ್ದು, ಜಾತ್ರೆಯಿಲ್ಲದ ರಾತ್ರಿಯಲ್ಲಿ ಎಚ್ಚರವಾಗಿರುವ ಜನ ಯಾರು, ಅವರಿಗೆ ಏನು ಬೇಕು ಎಂಬುದನ್ನು.

ಅಂಥವರು ಇಲ್ಲದಿಲ್ಲ. ಹಾಸನ ಬಸ್ಸುಗಳ ಕೂಡುದಾರಿ. ಮಂಗಳೂರು, ಮೈಸೂರು, ಬೆಂಗಳೂರು, ಚಿಕ್ಕಮಗಳೂರಿನ ಬಸ್ಸುಗಳು ರಾತ್ರಿಯೆಲ್ಲ ಬಂದುಹೋಗುತ್ತವೆ. ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ಶಿರಾಡಿಘಟ್ಟದ ಲಾರಿಗಳು ಇರುಳಿಡೀ ಸಾಲುಗಟ್ಟುತ್ತವೆ. ಬೆಂಗಳೂರಿನಿಂದ ಶ್ರವಣಬೆಳಗೊಳದ ಮೂಲಕ ಹಾಸನಕ್ಕೆ ನೇರ ರೈಲುಮಾರ್ಗ 2017ರಲ್ಲಿ ತೆರೆದ ಮೇಲೆ ಕರಾವಳಿಯ ಕಡೆಗೆ ಹೋಗುವ ರಾತ್ರಿ ರೈಲುಗಳೂ ಹಾಸನದಲ್ಲಿ ನಿಲ್ಲುತ್ತವೆ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಹೊರಗೆ ರೋಗಿಗಳ ಕಡೆಯವರು ರಾತ್ರಿ ಕಳೆಯುತ್ತಾರೆ. ಅವರಿಗೆ ಹನ್ನೊಂದು ಗಂಟೆಗೆ ಒಂದು ಬಿಸಿ ಅನ್ನ, ಎರಡು ಗಂಟೆಗೆ ಮಗುವಿಗೊಂದು ಲೋಟ ಹಾಲು ಸಿಕ್ಕುವುದು ವಿಲಾಸವಲ್ಲ.

ನಮ್ಮ ಅರಕಲಗೂಡು ತಾಲ್ಲೂಕಿನ ನಿಜವಾದ ಇರುಳ ವಹಿವಾಟಂತೂ ಪೇಟೆಯಲ್ಲಿ ಕಾಣುವುದೇ ಇಲ್ಲ, ಅದು ಹೊಲದಂಚಿನಲ್ಲಿದೆ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗುವ ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಹದಮಾಡುವುದನ್ನು ನೋಡಿದ್ದೀರಾ? ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ಏರಿಸಿ ಕೆಳಗೆ ಬೆಂಕಿ ಹಾಕಿದರೆ ಐದಾರು ದಿನ ಹಗಲೂ ರಾತ್ರಿಯೂ ಕಾವು ತಪ್ಪಬಾರದು. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನಡುದೇಟು ಒಣಗಬೇಕು. ಹಂತಹಂತಕ್ಕೂ ಕಾವು ಬೇರೆ. ರಾತ್ರಿ ಕಾವಲಿಗೆ ಕುಳಿತವನು ಒಂದು ಗಂಟೆ ತೂಕಡಿಸಿದರೆ ಸೊಪ್ಪಿನ ದರ್ಜೆ ಇಳಿಯುತ್ತದೆ, ಬೆಂಕಿ ಅತಿಯಾದರೆ ಬ್ಯಾರನ್ನೇ ಸುಡುತ್ತದೆ. ಈ ಬೆಳೆಯ ಒಳಿತುಕೆಡುಕು ಬೇರೆ ಮಾತು. ಪಂಪುಸೆಟ್ಟಿಗೆ ಮೂರು ಫೇಸಿನ ವಿದ್ಯುತ್ತು ರಾತ್ರಿಯಲ್ಲಿ ಬಂದಾಗ ಟಾರ್ಚು ಹಿಡಿದು ಗದ್ದೆಗೆ ಇಳಿಯುವ ರೈತನೂ ಇದೇ ವರ್ಗದವನು. ನಗರದ ರಾತ್ರಿಯ ಬಗೆಗೆ ಯೋಜನೆ ಮಾಡುವ ಮಹನೀಯರು ಈ ರಾತ್ರಿಯನ್ನೂ ಒಮ್ಮೆ ನೋಡಬೇಕು. ಹಳ್ಳಿಯವನು ಇರುಳಿನಲ್ಲಿ ದುಡಿಯುತ್ತಾನೆ, ಅವನಿಗೆ ಬೇಕಾದ ಪೇಟೆ ಮಾತ್ರ ಮಲಗಿರುತ್ತದೆ.

ಕಾನೂನಿನ ಮಾತು ಸ್ವಲ್ಪ ಬೇಕು. ಅಂಗಡಿಗಳ ಹೊತ್ತು, ಕೆಲಸಗಾರರ ರಜ ಇವುಗಳನ್ನು ನಿಯಮಿಸುವ ನಮ್ಮ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರದು. 2021ರ ಜನವರಿಯಲ್ಲಿ ರಾಜ್ಯಸರ್ಕಾರ ಒಂದು ಅಧಿಸೂಚನೆ ಹೊರಡಿಸಿ, ಹತ್ತು ಅಥವಾ ಹೆಚ್ಚು ಮಂದಿ ಕೆಲಸಗಾರರಿರುವ ಅಂಗಡಿಗಳು ಮೂರು ವರ್ಷಗಳ ಕಾಲ ಹಗಲುರಾತ್ರಿ ತೆರೆದಿರಬಹುದೆಂದು ಹೇಳಿತು. ವಾರದ ರಜ, ಹೆಚ್ಚುವರಿ ಕೆಲಸದ ಮಿತಿ ಇವನ್ನು ಪಾಲಿಸಬೇಕು. ರಾತ್ರಿ ಎಂಟರ ಮೇಲೆ ಹೆಂಗಸರನ್ನು ಅವರ ಲಿಖಿತ ಒಪ್ಪಿಗೆ ಮತ್ತು ತಕ್ಕ ರಕ್ಷಣೆಯಿಲ್ಲದೆ ದುಡಿಸಕೂಡದು ಎಂಬ ನಿಬಂಧನೆಗಳೂ ಇದ್ದುವು. 2024ರಲ್ಲಿ ಬೆಂಗಳೂರಿನ ಹೋಟಲು, ಮದ್ಯದಂಗಡಿಗಳಿಗೆ ರಾತ್ರಿ 1 ಗಂಟೆಯವರೆಗೆ ಅವಕಾಶವಾಯಿತು. ಇವು ದೊಡ್ಡ ನಗರದ ದೊಡ್ಡ ಅಂಗಡಿಯನ್ನು ನೆನೆದು ಮಾಡಿದ ನಿಯಮಗಳು. ನಮ್ಮ ತಾಲ್ಲೂಕು ಊರಿನಲ್ಲಿ ಹತ್ತು ಮಂದಿ ಕೆಲಸಗಾರರಿರುವ ಅಂಗಡಿ ಎಷ್ಟಿದ್ದಾವು? ಯಜಮಾನ, ಅವನ ಹೆಂಡತಿ, ಒಬ್ಬ ಹುಡುಗ. ಅಲ್ಲಿಗೆ ಸಿಬ್ಬಂದಿ ಮುಗಿಯಿತು. ಅವರಿಗೆ ಹತ್ತಿರವಾದದ್ದು 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ. ಅದರಂತೆ ಪ್ರತಿ ಊರಿನಲ್ಲಿಯೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ನೂರಕ್ಕೆ ನಲವತ್ತಕ್ಕೆ ಕಡಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಆಗಿರಬೇಕು. ಎಲ್ಲಿ, ಯಾವ ಹೊತ್ತಿನಲ್ಲಿ ವ್ಯಾಪಾರ ನಡೆಯಬಹುದೆಂಬುದನ್ನು ಕ್ರಮಪಡಿಸಬಹುದು. ಗಾಡಿಯವನನ್ನು ಓಡಿಸಬೇಕಾದ ತೊಡಕೆಂದು ಕಾಣದೆ, ಊರಿನ ರಾತ್ರಿಯನ್ನು ಕಾಯುವವನೆಂದು ಕಾಣಲು ಈ ಕಾಯಿದೆಯಲ್ಲಿ ಆಸ್ಪದವಿದೆ.

ಹೆಂಗಸರ ಮಾತನ್ನು ನಿಬಂಧನೆಯ ಒಂದು ಸಾಲಿನಲ್ಲಿ ಮುಗಿಸುವಂತಿಲ್ಲ. 2005ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ರಾತ್ರಿಪಾಳಿಗೆ ಹೊರಟಿದ್ದ ಯುವತಿಯೊಬ್ಬಳನ್ನು ಕರೆದೊಯ್ಯಲು ಬಂದ ವಾಹನದ ಚಾಲಕನೇ ಕೊಂದನು. ಆಮೇಲೆ ಕಂಪೆನಿಗಳ ವಾಹನಗಳಿಗೆ, ಚಾಲಕರ ಪರಿಶೀಲನೆಗೆ ನಿಯಮಗಳು ಬಿಗಿಯಾದುವು. ಪ್ರತಿಯೊಂದು ತಾಯಿಯೂ ಆಗ ಕೇಳಿದ ಪ್ರಶ್ನೆ, ನನ್ನ ಮಗಳು ಏಕೆ ರಾತ್ರಿ ಹೋಗಬೇಕು ಎಂದು. ಆದರೆ ಆಸ್ಪತ್ರೆಯಲ್ಲಿ ನಾವು ಮಲಗಿದಾಗ ರಾತ್ರಿ ಮೂರು ಗಂಟೆಗೆ ಹಣೆ ಮುಟ್ಟಿ ನೋಡುವ ಕೈ ಯಾರ ಮಗಳದೋ ಆಗಿರುತ್ತದಷ್ಟೆ. 2023ರ ಜೂನ್ 11ರಿಂದ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ದೊರೆತ ಮೇಲೆ ಹಾಸನಕ್ಕೆ ಓದಲು, ದುಡಿಯಲು ಹೋಗಿಬರುವ ಹೆಣ್ಣುಮಕ್ಕಳು ನಮ್ಮ ಬಸ್ಸುಗಳಲ್ಲಿ ತುಂಬಿದ್ದಾರೆ. ಟಿಕೆಟ್ಟಿನ ಹಣ ಉಳಿಯಿತು. ಇಳಿದ ಮೇಲಿನ ಅರ್ಧ ಮೈಲಿ ಕತ್ತಲು ಹಾಗೆಯೇ ಉಳಿಯಿತು.

ಹೋದ ವರ್ಷ ಹೀಗಾಯಿತು. ನಾನು ಬೆಂಗಳೂರಿನಿಂದ ಹಿಂದಿರುಗುತ್ತ ನಮ್ಮ ಸೀಮೆಯದೇ ಒಂದು ಊರಿನ ಬಸ್ ನಿಲ್ದಾಣದಲ್ಲಿ ಇಳಿದಾಗ ಹನ್ನೊಂದೂವರೆ ದಾಟಿತ್ತು. ಇದ್ದದ್ದು ಒಂದೇ ದೀಪ, ಅದೂ ಮಿಣುಕುತ್ತಿತ್ತು. ನನ್ನ ಹಿಂದೆಯೇ ಇಳಿದ ಹುಡುಗಿ ಬ್ಯಾಗನ್ನು ಎದೆಗೆ ಅವಚಿಕೊಂಡು, “ಮೇಷ್ಟ್ರೇ, ನಮ್ಮಪ್ಪ ಬರೋಗಂಟ ಒಸಿ ನಿಂತಿರ್ತೀರಾ?” ಎಂದಳು. ಹತ್ತು ವರ್ಷದ ಕೆಳಗೆ ನನ್ನಲ್ಲಿ ಹಳಗನ್ನಡ ಪದ್ಯ ಒಪ್ಪಿಸುತ್ತಿದ್ದವಳು, ಈಗ ದಾದಿ. ನಿಂತೆವು. ಅವಳ ಅಪ್ಪನ ಗಾಡಿ ದಾರಿಯಲ್ಲಿ ಕೆಟ್ಟು, ಅವನು ಬರುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಮೂರು ಸಲ ಯಾರೋ ಮೋಟಾರುಸೈಕಲಿನಲ್ಲಿ ನಮ್ಮ ಮುಂದೆ ನಿಧಾನವಾಗಿ ಸುತ್ತಿ ಹೋದರು. ಏನೂ ಆಗಲಿಲ್ಲ. ನಾನಿದ್ದದ್ದರಿಂದ ಆಗಲಿಲ್ಲವೋ, ಅವರು ನಿರುಪದ್ರವಿಗಳಾದ್ದರಿಂದ ಆಗಲಿಲ್ಲವೋ ಹೇಳಲಾರೆ. ಅವಳು ಮಾತ್ರ ಕೆಲಸವನ್ನೇ ಬಿಡುವ ಯೋಚನೆ ಮಾಡುತ್ತಿದ್ದಳು. ಸಂಬಳದ ಬಗೆಗೆ ಅವಳಿಗೆ ದೂರಿರಲಿಲ್ಲ. ಈ ಮುಕ್ಕಾಲು ಗಂಟೆಯೇ ಅವಳ ದೂರು.

ಇರುಳ ವಹಿವಾಟಿಗೆ ವಿರೋಧವಾದ ಮಾತುಗಳೂ ಇವೆ, ಅವು ಹಗುರವಾದುವಲ್ಲ. ಮೊದಲನೆಯದು ನಿದ್ರೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ವಾಸದ ಬಡಾವಣೆಗಳಲ್ಲಿ ರಾತ್ರಿಯ ಸದ್ದಿಗೆ 45 ಡೆಸಿಬಲ್ಲಿನ ಮಿತಿಯಿದೆ. ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯವರು ಇದರ ಬೆಲೆ ಬಲ್ಲರು. ಎರಡನೆಯದು ಮದ್ಯ. ರಾತ್ರಿ ತೆರೆದಿರುವುದು ಮದ್ಯದಂಗಡಿಯೊಂದೇ ಆದರೆ ಬೀದಿ ಮತ್ತಷ್ಟು ಅಪಾಯವಾಗುತ್ತದೆ; ಹೆಂಗಸರೂ ಮಕ್ಕಳೂ ಮುದುಕರೂ ಬರಬಲ್ಲ ಬಾಗಿಲುಗಳು ಮೊದಲು ತೆರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮೂರನೆಯದು ದುಡಿಯುವವನ ದೇಹ. ಹಗಲೂ ಅವನೇ, ರಾತ್ರಿಯೂ ಅವನೇ ಆದರೆ ಅದು ಅಭಿವೃದ್ಧಿಯಲ್ಲ, ಜೀತ. ಎರಡನೆಯ ಪಾಳಿಗೆ ಎರಡನೆಯ ಮನುಷ್ಯ ಬೇಕು.

ಆಮ್‌ಸ್ಟರ್‌ಡಾಮ್ ನಗರದಲ್ಲಿ ಇಂಥ ಜಗಳಗಳನ್ನು ಬಗೆಹರಿಸಲೆಂದೇ ‘ರಾತ್ರಿಯ ಮೇಯರ್’ ಎಂಬೊಬ್ಬನಿದ್ದಾನೆ. 2012ರಿಂದ ಕೆಲವು ವರ್ಷ ಆ ಸ್ಥಾನದಲ್ಲಿದ್ದ ಮಿರಿಕ್ ಮಿಲಾನ್ ಎಂಬವರು ನಿವಾಸಿಗಳು, ಅಂಗಡಿಯವರು, ನಗರಸಭೆ ಮೂವರನ್ನೂ ಒಂದೆಡೆ ಕೂಡಿಸಿದರು. ಗದ್ದಲದ ಚೌಕವೊಂದರಲ್ಲಿ ಲಾಠಿಯಿಲ್ಲದ ಸೌಮ್ಯ ಮೇಲ್ವಿಚಾರಕರನ್ನು ನಿಲ್ಲಿಸಿದರು. ರಾತ್ರಿಯಿಡೀ ತೆರೆದಿರುವ ಪರವಾನಗಿಗಳನ್ನು ವಾಸದ ಮನೆಗಳಿಂದ ದೂರವಿರುವ ಸ್ಥಳಗಳಿಗೆ ಕೊಡುವ ಪದ್ಧತಿ ಬೆಳೆಯಿತು. ಲಂಡನ್ನಿನಲ್ಲಿಯೂ 2016ರಲ್ಲಿ ಇಂಥ ಅಧಿಕಾರಿಯ ನೇಮಕವಾಯಿತು. ಅದೇ ವರ್ಷ ಅಲ್ಲಿ ವಾರಾಂತ್ಯದ ಇರುಳಿನಲ್ಲಿ ನೆಲದಡಿಯ ರೈಲುಗಳು ಓಡತೊಡಗಿದುವು. ರೈಲು ನಿಂತ ಹೊತ್ತಿಗೆ ಊರೂ ನಿಲ್ಲುತ್ತದೆ ಎಂಬ ಸತ್ಯ ಅವರಿಗೆ ಹೊಳೆದಿತ್ತು. ನಮ್ಮಲ್ಲಿಯೂ ಅಷ್ಟೆ. ಹಾಸನಕ್ಕೂ ಅರಕಲಗೂಡಿಗೂ ಸುಮಾರು 30 ಕಿಲೋಮೀಟರು. ಊರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದರ ಮೇಲೆ ಹಾಸನದ ಅಂಗಡಿ, ನಾಟಕ, ಸಂಗೀತ ಕಚೇರಿ ಎಲ್ಲದರ ಹೊತ್ತೂ ನಿಂತಿದೆ. ಮಂಗಳ ಹಾಡುವ ಮೊದಲೇ ಸಭೆಯ ಅರ್ಧ ಜನ ಎದ್ದುಹೋದರೆ ವಿದ್ವಾಂಸರಿಗೆ ಅವಮಾನವೆಂದುಕೊಳ್ಳಬೇಡಿ, ಅವರು ಬಸ್ಸಿಗೆ ಓಡುತ್ತಿದ್ದಾರೆ.

ತಾಲ್ಲೂಕು ಊರಿಗೆ ಮಹಾನಗರದ ರಾತ್ರಿ ಬೇಡ. ಬಸ್ ನಿಲ್ದಾಣದಿಂದ ಆಸ್ಪತ್ರೆಯವರೆಗಿನ ಒಂದು ಬೀದಿ ಸಾಕು. ಅಷ್ಟರಲ್ಲಿ ಕಂಬಕಂಬಕ್ಕೂ ದೀಪ, ಬೀಗವಿಲ್ಲದ ಒಂದು ಶೌಚಾಲಯ, ಒಂದು ಔಷಧದಂಗಡಿ, ನಾಲ್ಕೈದು ತಿಂಡಿಯ ಗಾಡಿ, ಒಬ್ಬ ಗಸ್ತಿನ ಪೋಲೀಸು, ಸರತಿಯಲ್ಲಿ ನಿಲ್ಲುವ ಎರಡು ಆಟೋ. ಇವು ಕೊನೆಯ ಬಸ್ಸು ಬಂದು ಹೋಗುವವರೆಗೆ ಇದ್ದರೆ ಆ ಊರಿನಲ್ಲಿ ಇರುಳ ವಹಿವಾಟು ಹುಟ್ಟಿತೆಂದೇ ತಿಳಿಯಬಹುದು. ಖರ್ಚಿಗೆ ಹಿಂದಿನ ಗಾಣದ ಲೆಕ್ಕವೇ ಮಾದರಿ: ರಾತ್ರಿ ವ್ಯಾಪಾರ ಮಾಡುವವರ ಸುಂಕ ಆ ಬೀದಿಯ ದೀಪಕ್ಕೆ, ಆ ಬೀದಿಯ ಗುಡಿಸುವವನಿಗೆ ಸಲ್ಲಲಿ, ಬೇರೆ ಬಾಬಿಗೆ ಹೋಗದಿರಲಿ.

ಆ ರಾತ್ರಿ ನಾವು ನಿಂತಿದ್ದ ನಿಲ್ದಾಣದ ಎದುರಿಗೆ ಹಗಲು ಟೀ ಮಾರುವವನೂ ನನ್ನ ಹಳೆಯ ವಿದ್ಯಾರ್ಥಿಯೇ. ಹತ್ತು ಗಂಟೆಗೆ ಗಾಡಿ ತೆಗೆಯಬೇಕೆಂದು ಅವನಿಗೆ ಯಾರೋ ಕಟ್ಟಪ್ಪಣೆ ಮಾಡಿದ್ದರಂತೆ. ವ್ಯಾಪಾರ ಸಮಿತಿಗೆ ಒಂದು ಅರ್ಜಿ ಬರೆದುಕೊಡಿ ಎಂದು ಮೊನ್ನೆ ಮನೆಗೆ ಬಂದ. ನಾನು ಪಂಡಿತರ ಅಭ್ಯಾಸದಂತೆ ‘ಸವಿನಯ ವಿಜ್ಞಾಪನೆಗಳು’ ಎಂದು ತೊಡಗಿ, ರಾತ್ರಿ 12 ಗಂಟೆಯವರೆಗೆ ಅನುಮತಿ ದಯಪಾಲಿಸಬೇಕೆಂದು ಬರೆದೆ. ಅವನು ಓದಿ ನೋಡಿ, “ಹನ್ನೆರಡೂವರೆ ಅಂತ ಹಾಕಿ ಮೇಷ್ಟ್ರೇ, ಕೊನೇ ಬಸ್ಸು ಬರೋದೇ ಹನ್ನೆರಡೂ ಕಾಲಿಗೆ” ಎಂದ. ತಿದ್ದಿ ಕೊಟ್ಟೆ. ಅದರ ಕೆಳಗೆ ಅವನ ರುಜು; ಅದರ ಪಕ್ಕದಲ್ಲಿ ಆ ದಾದಿ ಹುಡುಗಿಯೂ ರುಜು ಹಾಕಿದ್ದಾಳೆ.